ಪೆಟ್ಟಿಗೆಯಲ್ಲಿ ಬರುವ ವಿಮಾನ: ಕಿಟ್ ತರಿಸಿ ಮನೆಯಲ್ಲೇ ಕಟ್ಟುವುದು ಹೇಗೆ?

ಯಾರೋ ತಮ್ಮ ಗ್ಯಾರೇಜಿನಲ್ಲೇ ವಿಮಾನ ಕಟ್ಟಿ ಹಾರಿಸಿದರು ಎಂಬ ಸುದ್ದಿ ಓದಿದಾಗ ಹೆಚ್ಚಿನವರಿಗೆ ಎರಡು ಪ್ರಶ್ನೆ ಹುಟ್ಟುತ್ತವೆ. ಇದಕ್ಕೆ ಕಾನೂನು ಒಪ್ಪುತ್ತದೆಯೇ? ವಿಮಾನ ಎಂಜಿನಿಯರ್ ಅಲ್ಲದವರು ಕಟ್ಟಿದ್ದರಲ್ಲಿ ಕೂರುವುದು ಕ್ಷೇಮವೇ? ಮೊದಲನೆಯದಕ್ಕೆ ಉತ್ತರ ಸುಲಭ: ಹಲವು ದೇಶಗಳಲ್ಲಿ ಒಪ್ಪುತ್ತದೆ, ಷರತ್ತುಗಳ ಮೇಲೆ. ಎರಡನೆಯದು ತೀರ್ಮಾನವಾಗುವುದು ಒಂದೊಂದು ತೂತು, ತಗಡುಗಳನ್ನು ಹಿಡಿಸುವ ಒಂದೊಂದು ರಿವೆಟ್, ಒಂದೊಂದು ಬೋಲ್ಟಿನ ಮಟ್ಟದಲ್ಲಿ. ಕಿಟ್ ವಿಮಾನದಲ್ಲಿ ಬಿಡಿಯಾಗಿ ನೋಡಿದರೆ ಕಠಿಣವಾದ ಕೆಲಸ ತೀರಾ ಕಡಿಮೆ. ಸುಲಭವಾದ ಕೆಲಸವನ್ನೇ ಹತ್ತು ಸಾವಿರಕ್ಕೂ ಹೆಚ್ಚು ಸಲ, ಪ್ರತಿ ಸಲವೂ ಸರಿಯಾಗಿ ಮಾಡಬೇಕು, ಅಷ್ಟೇ. ಆದರೆ ಕಾರ್ಖಾನೆಯಲ್ಲಿ ಆ ಕೆಲಸವನ್ನು ತಪಾಸಣೆ ಮಾಡಲು ಬೇರೊಬ್ಬರಿರುತ್ತಾರೆ. ಮನೆಯಲ್ಲಿ ಮಾಡುವವರೇ ತಪಾಸಿಗರು.

## ಕಿಟ್ ಎಂದರೆ ಎಷ್ಟು ವಿಮಾನ?

ಬರಿಯ ನಕ್ಷೆ ಕೊಂಡು, ಕಚ್ಚಾ ತಗಡು, ಮರ, ಕೊಳವೆಗಳಿಂದ ಎಲ್ಲವನ್ನೂ ಕೈಯಾರೆ ಮಾಡುವುದು ಹಳೆಯ ದಾರಿ. ಕಿಟ್‌ನಲ್ಲಿ ಕಾರ್ಖಾನೆಯೇ ತಗಡು ಕತ್ತರಿಸಿ, ಅಂಚು ಮಡಚಿ, ತೂತು ಹೊಡೆದು ಕಳಿಸುತ್ತದೆ. ಇಂದಿನ ಬಹುಪಾಲು ಅಲ್ಯೂಮಿನಿಯಂ ಕಿಟ್‌ಗಳಲ್ಲಿ ಕಂಪ್ಯೂಟರ್ ಯಂತ್ರ ಹೊಡೆದ ತೂತುಗಳು ಒಂದು ಭಾಗದಿಂದ ಇನ್ನೊಂದಕ್ಕೆ ತಾಳೆಯಾಗುತ್ತವೆ. ರೆಕ್ಕೆಯ ಹೊದಿಕೆಯ ತೂತು ಒಳಗಿನ ರಿಬ್‌ನ, ಅಂದರೆ ಪಕ್ಕೆಲುಬಿನಂಥ ಅಡ್ಡಪಟ್ಟಿಯ, ತೂತಿಗೆ ಸರಿಯಾಗಿ ಎದುರಾದರೆ ರೆಕ್ಕೆ ನೆಟ್ಟಗಿದೆ ಎಂದೇ ಅರ್ಥ. ಹಿಂದೆ ಇದಕ್ಕಾಗಿ ಉಕ್ಕಿನ ದೊಡ್ಡ ಚೌಕಟ್ಟು ನಿಲ್ಲಿಸಿ, ಮಟ್ಟ ನೋಡಿ ನೋಡಿ ದಿನಗಟ್ಟಲೆ ಹೊಂದಿಸಬೇಕಿತ್ತು.

ಕಿಟ್ ಒಂದೇ ಸಲ ಬರಬೇಕೆಂದಿಲ್ಲ. ಮೊದಲು ಬಾಲ, ಆಮೇಲೆ ರೆಕ್ಕೆಗಳು, ಆಮೇಲೆ ಫ್ಯೂಸಲಾಜ್ ಅಂದರೆ ಒಡಲು, ಕೊನೆಗೆ ಚಕ್ರ, ಗಾಜಿನ ಮೇಲಾವರಣ, ಎಂಜಿನ್ ಮುಸುಕು ಇತ್ಯಾದಿಗಳ ಫಿನಿಶಿಂಗ್ ಕಿಟ್ ಎಂದು ಕಂತುಗಳಲ್ಲಿ ತರಿಸಬಹುದು. ಬಾಲದಿಂದ ಶುರುಮಾಡುವುದಕ್ಕೆ ಕಾರಣವಿದೆ. ಅದು ಚಿಕ್ಕದು, ಅಗ್ಗದ್ದು, ಮತ್ತು ರೆಕ್ಕೆಗೆ ಬೇಕಾದ ಬಹುತೇಕ ಕೈಚಳಕವನ್ನೂ ಅದೇ ಕಲಿಸುತ್ತದೆ. ಕೆಟ್ಟುಹೋದ ಭಾಗವನ್ನು ಮತ್ತೆ ತರಿಸಿದರೂ ಹೊರೆ ಸಣ್ಣದು.

ಕಿಟ್‌ನಲ್ಲಿ ಸಾಮಾನ್ಯವಾಗಿ ಇರದದ್ದನ್ನೂ ತಿಳಿದಿರಬೇಕು: ಎಂಜಿನ್, ಪ್ರೊಪೆಲ್ಲರ್, ಉಪಕರಣ ಫಲಕ, ರೇಡಿಯೊ, ಬಣ್ಣ, ಕೆಲವೊಮ್ಮೆ ವೈರು, ಸೀಟಿನ ಹೊದಿಕೆ ಕೂಡ. ಇವುಗಳ ಒಟ್ಟು ಬೆಲೆ ಕಿಟ್‌ನ ಬೆಲೆಯನ್ನು ಮೀರುವುದು ಮಾಮೂಲು. ಕಿಟ್‌ನ ದರಪಟ್ಟಿ ಮಾತ್ರ ನೋಡಿ ಲೆಕ್ಕ ಹಾಕಿದವರು ನಡುದಾರಿಯಲ್ಲಿ ನಿಂತುಬಿಡುವುದು ಇಲ್ಲೇ.

ಸಮಯದ ಲೆಕ್ಕ: ಘನ ರಿವೆಟ್‌ಗಳ ಇಬ್ಬರು ಕೂರುವ ಅಲ್ಯೂಮಿನಿಯಂ ವಿಮಾನಕ್ಕೆ 1500ರಿಂದ 2500 ಗಂಟೆ ಬೇಕಾಗುತ್ತದೆ. ವಾರಕ್ಕೆ ಹತ್ತು ಗಂಟೆಯಂತೆ ದುಡಿದರೆ ಮೂರರಿಂದ ಐದು ವರ್ಷ. ರೆಕ್ಕೆ, ಒಡಲುಗಳ ಒಂದಷ್ಟು ಕೆಲಸ ಮುಗಿಸಿ ಕಳಿಸುವ ‘ಕ್ವಿಕ್ ಬಿಲ್ಡ್’ ಕಿಟ್ ಕೊಂಡರೆ ಇದರಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಎಳೆದು ಕೂರಿಸುವ ಟೊಳ್ಳು ರಿವೆಟ್ ಬಳಸುವ ಕಿಟ್‌ಗಳೂ ಬೇಗ ಮುಗಿಯುತ್ತವೆ. ಉಕ್ಕಿನ ಕೊಳವೆಯ ಮೇಲೆ ಬಟ್ಟೆ ಬಿಗಿಯುವ ಬಗೆಯೂ ಇದೆ, ಎಪಾಕ್ಸಿ-ಗಾಜುನಾರಿನ ಬಗೆಯೂ ಇದೆ. ಈ ಬರಹ ಹಿಡಿದಿರುವುದು ಘನ ರಿವೆಟ್‌ನ ಅಲ್ಯೂಮಿನಿಯಂ ವಿಮಾನವನ್ನು.

## ಐವತ್ತೊಂದರ ಲೆಕ್ಕ

ಅಮೆರಿಕದ ವಿಮಾನಯಾನ ಆಡಳಿತ ಎಫ್‌ಎಎ ಇಂಥ ವಿಮಾನವನ್ನು ‘ಎಕ್ಸ್‌ಪೆರಿಮೆಂಟಲ್, ಅಮೆಚೂರ್-ಬಿಲ್ಟ್’ ವರ್ಗಕ್ಕೆ ಸೇರಿಸುತ್ತದೆ. ತಯಾರಿಕೆ ಮತ್ತು ಜೋಡಣೆಯ ಹೆಚ್ಚಿನ ಪಾಲನ್ನು ಹವ್ಯಾಸಿಗಳೇ, ಕಲಿಕೆ ಅಥವಾ ಖುಷಿಗಾಗಿ ಮಾಡಿರಬೇಕು ಎಂಬುದು ಅದರ ಷರತ್ತು. ಆಡುಮಾತಿನಲ್ಲಿ ಇದು ‘51 ಪರ್ಸೆಂಟ್ ನಿಯಮ’. ಈ ಶೇಕಡಾವಾರು ತೂಕದ್ದೂ ಅಲ್ಲ, ದುಡ್ಡಿನದ್ದೂ ಅಲ್ಲ. ರಿಬ್ ಜೋಡಿಸುವುದು, ಟ್ಯಾಂಕು ಕಟ್ಟುವುದು ಮುಂತಾದ ಕೆಲಸಗಳ ಪಟ್ಟಿಯಲ್ಲಿ ಯಾವುದನ್ನು ಕಾರ್ಖಾನೆ ಮಾಡಿತು, ಯಾವುದನ್ನು ನೀವು ಮಾಡಿದಿರಿ ಎಂದು ಎಣಿಸುವ ಲೆಕ್ಕ. ಎಂಜಿನ್, ಪ್ರೊಪೆಲ್ಲರ್, ಚಕ್ರ, ಬ್ರೇಕುಗಳನ್ನು ನೀವೇ ತಯಾರಿಸಬೇಕೆಂದು ಯಾರೂ ಕೇಳುವುದಿಲ್ಲ. ದುಡ್ಡು ಕೊಟ್ಟು ಬೇರೆಯವರಿಂದ ಪೂರ್ತಿ ಕಟ್ಟಿಸಿ ಅದನ್ನು ಸ್ವಂತದ್ದೆಂದು ತೋರಿಸುವಂತಿಲ್ಲ.

ಬೇರೆ ದೇಶಗಳಲ್ಲಿ ವಿವರ ಬೇರೆ. ಬ್ರಿಟನ್ನಿನಲ್ಲಿ ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್‌ನ ಇನ್‌ಸ್ಪೆಕ್ಟರ್ ಹಂತಹಂತವಾಗಿ ಬಂದು ನೋಡುತ್ತಾರೆ. ಎಲ್ಲಿದ್ದರೂ ನಡೆಯುವ ಕ್ರಮ ಒಂದೇ: ಮುಂಗಡ ಕಟ್ಟುವ ಮೊದಲೇ ನಿಮ್ಮ ದೇಶದ ವಿಮಾನಯಾನ ಪ್ರಾಧಿಕಾರವನ್ನು ಕೇಳಿ ಮೂರು ವಿಷಯಕ್ಕೆ ಲಿಖಿತ ಉತ್ತರ ಪಡೆಯಿರಿ. ಈ ಮಾದರಿಯನ್ನು ನೋಂದಾಯಿಸಬಹುದೇ? ಕ್ವಿಕ್ ಬಿಲ್ಡ್ ಒಪ್ಪಿಗೆಯೇ? ಯಾವ ಹಂತಗಳಲ್ಲಿ ತಪಾಸಣೆ ಆಗಬೇಕು? ಮುಚ್ಚಿದ ರೆಕ್ಕೆಯ ಒಳಗನ್ನು ಆಮೇಲೆ ಯಾರಿಗೂ ತೋರಿಸಲಾಗದು. ಆದ್ದರಿಂದಲೇ ದಿನಾಂಕ, ಗಂಟೆ, ಮಾಡಿದ ಕೆಲಸ, ಅದನ್ನು ಮಾಡುತ್ತಿರುವ ನಿಮ್ಮ ಫೋಟೊ, ಇಷ್ಟನ್ನೂ ಮೊದಲ ದಿನದಿಂದ ದಾಖಲೆ ಪುಸ್ತಕದಲ್ಲಿ ಇಡಬೇಕು.

## ಕಡಲು ದಾಟಿ ಬರುವಾಗ

ಸುಂಕದ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಜಗತ್ತಿನ ಬಹುತೇಕ ದೇಶಗಳು ಬಳಸುವ ಎಚ್‌ಎಸ್ ಸಂಕೇತಪಟ್ಟಿಯಲ್ಲಿ ವಿಮಾನದ ಬಿಡಿಭಾಗಗಳಿಗೆ 8807, ವಿಮಾನಕ್ಕೆ 8802. ಇದೇ ಪಟ್ಟಿಯ ವ್ಯಾಖ್ಯಾನ ನಿಯಮ 2(ಎ) ಪ್ರಕಾರ, ಬಿಚ್ಚಿದ ಸ್ಥಿತಿಯಲ್ಲಿ ಬಂದ ವಸ್ತುವಿನಲ್ಲಿ ಪೂರ್ಣ ವಸ್ತುವಿನ ಮುಖ್ಯ ಲಕ್ಷಣವಿದ್ದರೆ ಅದನ್ನು ಪೂರ್ಣ ವಸ್ತುವೆಂದೇ ಎಣಿಸಬೇಕು. ಹಾಗಾಗಿ ಬಾಲದ ಕಿಟ್ ಮಾತ್ರ ಬಂದರೆ ಅದು ಬಿಡಿಭಾಗ. ಇಡೀ ಕಿಟ್ ಒಂದೇ ಕಂಟೇನರಿನಲ್ಲಿ ಬಂದರೆ ಕಸ್ಟಮ್ಸ್ ಅದನ್ನು ವಿಮಾನವೆಂದೇ ಕರೆಯಬಹುದು. ಎರಡರ ಸುಂಕವೂ ಪರವಾನಗಿಯೂ ಬೇರೆಯಾಗಿರಬಹುದು. ಕಂತು ಮಾಡುವುದೋ ಒಟ್ಟಿಗೆ ತರಿಸುವುದೋ ಎಂದು ನಿರ್ಧರಿಸುವ ಮೊದಲು ಕಸ್ಟಮ್ಸ್ ಏಜೆಂಟರ ಮುಂದೆ ಇಡಬೇಕಾದ ಪ್ರಶ್ನೆ ಇದು.

ಪೆಟ್ಟಿಗೆಯ ಪ್ಲೈವುಡ್‌ಗೆ ಐಎಸ್‌ಪಿಎಂ-15 ಎಂಬ ಕೀಟತಡೆ ಮುದ್ರೆ ಬೇಕಿಲ್ಲ. ಅದಕ್ಕೆ ಹೊಡೆದ ಕಚ್ಚಾ ಮರದ ಪಟ್ಟಿಗಳಿಗೆ ಬೇಕು. ಮುದ್ರೆಯಿಲ್ಲದ ಪೆಟ್ಟಿಗೆ ಬಂದರಿನಲ್ಲೇ ಸಿಕ್ಕಿಬೀಳುತ್ತದೆ. ಸಂದು ಮುಚ್ಚುವ ಸೀಲೆಂಟ್, ರಾಳ, ತುಕ್ಕು ತಡೆಯಲು ಮೊದಲು ಬಳಿಯುವ ಪ್ರೈಮರ್‌ಗಳು ಅಪಾಯಕಾರಿ ಸರಕು. ಅವು ಮಾಮೂಲಿ ಸಾಮಾನಿನ ಜೊತೆ ಬರುವುದಿಲ್ಲ, ಅವಕ್ಕೆ ವಾಯಿದೆಯ ದಿನಾಂಕವೂ ಇದೆ. ಬೇಕಾಗುವ ಹೊತ್ತಿಗೆ ತರಿಸಿಕೊಳ್ಳುವುದೇ ಸರಿ.

ಪೆಟ್ಟಿಗೆ ಬಂದ ದಿನ ಮುಚ್ಚಳ ತೆಗೆಯುವ ಮೊದಲು ನಾಲ್ಕೂ ಬದಿಯ ಫೋಟೊ ತೆಗೆಯಿರಿ. ಆಮೇಲೆ ಪ್ಯಾಕಿಂಗ್ ಪಟ್ಟಿ ಹಿಡಿದು ಒಂದೊಂದನ್ನೂ ಎಣಿಸಬೇಕು. ಕೊರತೆ ಹೇಳಿಕೊಳ್ಳಲು ಕಂಪನಿಗಳು ಒಂದು ಗಡುವು ಇಟ್ಟಿರುತ್ತವೆ. ಕಡಲಿನ ತೇವದಲ್ಲಿ ನೆನೆದ ಕಾಗದ ತಗಡುಗಳ ನಡುವೆ ಉಳಿದರೆ ಅಲ್ಯೂಮಿನಿಯಂ ಬಿಳಿಪುಡಿಯಾಗಿ ತುಕ್ಕು ಹಿಡಿಯುತ್ತದೆ, ಆದ್ದರಿಂದ ಒದ್ದೆ ಕಾಗದ ಆ ದಿನವೇ ಹೊರಗೆ ಹೋಗಬೇಕು. ಗೀರು ಬೀಳದಿರಲೆಂದು ತಗಡಿಗೆ ಅಂಟಿಸಿದ ನೀಲಿ ಪ್ಲಾಸ್ಟಿಕ್ಕನ್ನೂ ವರ್ಷಗಟ್ಟಲೆ ಬಿಡಬಾರದು, ಅದರಡಿಯೂ ತೇವ ನಿಲ್ಲುತ್ತದೆ.

ಅಮೆರಿಕದ ಕಿಟ್ ಆದರೆ ಎಲ್ಲವೂ ಇಂಚಿನ ಅಳತೆ. ಎಎನ್3 ಎಂಬ ವಿಮಾನ ಬೋಲ್ಟಿನ ವ್ಯಾಸ 3/16 ಇಂಚು, ಅಂದರೆ 4.76 ಮಿ.ಮೀ. ಅಂಗಡಿಯಲ್ಲಿ ಸಿಗುವ 5 ಮಿ.ಮೀ. ಬೋಲ್ಟು ಅದರ ಜಾಗಕ್ಕೆ ಬರುವುದಿಲ್ಲ, ಬಲದಲ್ಲೂ ಸಾಟಿಯಲ್ಲ. 30ನೇ ನಂಬರಿನ ಡ್ರಿಲ್ 3.26 ಮಿ.ಮೀ., 40ನೇ ನಂಬರಿನದು 2.49 ಮಿ.ಮೀ. ಡ್ರಿಲ್‌ಗಳನ್ನು ಈ ನಂಬರುಗಳಲ್ಲೇ, ಡಜನ್ ಲೆಕ್ಕದಲ್ಲಿ ಕಿಟ್ ಜೊತೆ ತರಿಸಿಬಿಡಿ.

## ಜಾಗ

ಎರಡು ಕಾರು ನಿಲ್ಲುವ ಗ್ಯಾರೇಜು ಸಾಕು, ಸುಮಾರು ಆರು ಮೀಟರ್ ಉದ್ದ, ಆರು ಮೀಟರ್ ಅಗಲ. ರೆಕ್ಕೆ ಒಡಲಿಗೆ ಸೇರುವುದು ಕೊನೆಗೆ, ಹೆಚ್ಚಾಗಿ ವಿಮಾನ ನಿಲ್ದಾಣದ ಹ್ಯಾಂಗರಿನಲ್ಲಿ. ಬಾಗಿಲಿನ ಅಗಲ, ತಿರುವಿನ ಜಾಗ, ಮೆಟ್ಟಿಲು ಎಲ್ಲವನ್ನೂ ಕಿಟ್ ತರಿಸುವ ಮೊದಲೇ ಅಳೆಯಿರಿ. ಒಳಗೆ ಹೋಗುವುದು ತಗಡು, ಹೊರಗೆ ಬರಬೇಕಾದದ್ದು ಒಡಲು.

## ಒಂದು ರಿವೆಟ್ ಕೂರುವ ಬಗೆ

ರಿವೆಟ್ ಎಂದರೆ ಒಂದು ತುದಿಗೆ ತಲೆಯಿರುವ ಅಲ್ಯೂಮಿನಿಯಂ ಗೂಟ. ಎರಡು ತಗಡುಗಳ ತೂತಿನಲ್ಲಿ ತೂರಿಸಿ, ಇನ್ನೊಂದು ತುದಿಯನ್ನು ಜಜ್ಜಿ ಎರಡನೇ ತಲೆ ಮಾಡಿದರೆ ತಗಡುಗಳು ಶಾಶ್ವತವಾಗಿ ಕಚ್ಚಿಕೊಳ್ಳುತ್ತವೆ. ಜಜ್ಜುವಾಗ ಗೂಟ ಉಬ್ಬಿ ತೂತನ್ನು ಪೂರ್ತಿ ತುಂಬುವುದರಿಂದ ಬೋಲ್ಟಿನಂತೆ ಸಡಿಲವಾಗುವ ಮಾತಿಲ್ಲ.

ಪೆಟ್ಟಿಗೆಯ ಮೇಲಿನ ಹೆಸರು ಓದಲು ಕಲಿಯಬೇಕು. ‘ಎಎನ್470ಎಡಿ4-4’ ಎಂದಿದ್ದರೆ, 470 ಅಂದರೆ ಉಬ್ಬು ತಲೆ. ಮೈಗೆ ಸಮವಾಗಿ ಕೂರುವ ಚಪ್ಪಟೆ ತಲೆಗೆ 426. ‘ಎಡಿ’ ಎಂಬುದು 2117 ಎಂಬ ಮಿಶ್ರಲೋಹ. ಅದನ್ನು ಗುರುತಿಸಲು ತಲೆಯ ನಡುವೆ ಚಿಕ್ಕ ಗುಳಿ ಇರುತ್ತದೆ. ಮೊದಲ 4 ವ್ಯಾಸ, ಇಂಚಿನ 32ನೇ ಭಾಗಗಳಲ್ಲಿ, ಅಂದರೆ ಸುಮಾರು 3.2 ಮಿ.ಮೀ. ಕೊನೆಯ 4 ಉದ್ದ, ಇಂಚಿನ 16ನೇ ಭಾಗಗಳಲ್ಲಿ, ಅಂದರೆ 6.35 ಮಿ.ಮೀ.

ಕೆಲಸದ ಕ್ರಮ ಹೀಗೆ. ಮೊದಲು ಭಾಗಗಳನ್ನು ಕ್ಲೀಕೋಗಳಿಂದ ಹಿಡಿಸಬೇಕು. ದರ್ಜಿ ಅಳತೆ ನೋಡಲು ಹಾಕುವ ಕಚ್ಚಾ ಹೊಲಿಗೆಯ ಕೆಲಸವನ್ನೇ ಈ ಸ್ಪ್ರಿಂಗ್ ಪಿನ್ನುಗಳು ಮಾಡುತ್ತವೆ. ಕೆಲವು ನೂರು ಬೇಕು. ಬೆಳ್ಳಿ ಬಣ್ಣದ್ದು 3/32 ಇಂಚಿನ ತೂತಿಗೆ, ತಾಮ್ರ ಬಣ್ಣದ್ದು 1/8ಕ್ಕೆ. ಹಿಡಿಸಿದ ಮೇಲೆ ತೂತುಗಳನ್ನು ಕೊನೆಯ ಅಳತೆಗೆ ಕೊರೆದು, ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಹೊಸಬರಿಗೆ ಬೇಸರ ತರುವ ಘಟ್ಟ ಇದು. ಆದರೆ ಬಿಚ್ಚದೆ ವಿಧಿಯಿಲ್ಲ. ಕೊರೆದ ತೂತಿನ ಅಂಚಿನಲ್ಲಿ ಸಿಬರು ಎದ್ದಿರುತ್ತದೆ. ಅದು ಉಳಿದರೆ ತಗಡುಗಳು ಒಂದಕ್ಕೊಂದು ಅಂಟಿ ಕೂರುವುದಿಲ್ಲ, ಸಿಬರಿನ ಬುಡದಿಂದಲೇ ಬಿರುಕೂ ಹುಟ್ಟಬಹುದು. ಪ್ರತಿ ತೂತಿನ ಎರಡೂ ಬದಿ, ಪ್ರತಿ ತಗಡಿನ ಎಲ್ಲ ಅಂಚು ನುಣುಪಾಗಬೇಕು. ಬೆರಳು ಆಡಿಸಿದರೆ ಎಲ್ಲೂ ತಡೆಯಬಾರದು. ಹಾಗೆಂದು ತೂತನ್ನು ಬಟ್ಟಲಿನಂತೆ ಕೆರೆಯಲೂ ಬಾರದು. ಕೈಯ ಉಪಕರಣದ ಎರಡು ಮೂರು ಸುತ್ತು ಸಾಕು.

ಹೊರಮೈಯಲ್ಲಿ ಚಪ್ಪಟೆ ತಲೆಯ ರಿವೆಟ್ ಕೂರಲು ಗುಂಡಿ ಬೇಕು. ತೆಳು ತಗಡನ್ನು ಗಂಡು-ಹೆಣ್ಣು ಅಚ್ಚಿನ ನಡುವೆ ಒತ್ತಿ ಗುಂಡಿ ಮಾಡುವುದು ಡಿಂಪಲ್. ದಪ್ಪ ತಗಡಿನಲ್ಲಿ ಲೋಹವನ್ನೇ ಕೊರೆದು ಮಾಡುವುದು ಕೌಂಟರ್‌ಸಿಂಕ್. 3/32 ಇಂಚಿನ ರಿವೆಟ್‌ಗೆ 0.032 ಇಂಚಿಗಿಂತ, ಅಂದರೆ 0.8 ಮಿ.ಮೀ.ಗಿಂತ ತೆಳುವಾದುದನ್ನು ಕೊರೆಯಬಾರದು. ಕೊರೆತ ಆಚೆ ಬದಿಗೆ ಮುಟ್ಟಿ ತೂತೇ ದೊಡ್ಡದಾಗುತ್ತದೆ, ಅಂಚು ಬ್ಲೇಡಿನಂತಾಗುತ್ತದೆ. ಡಿಂಪಲ್ ಆದ ಮೇಲೆ ಭೂತಗನ್ನಡಿ ಹಿಡಿದು ತೂತಿನ ಸುತ್ತ ನೋಡಿ. ಒರಟು ಅಂಚಿದ್ದ ಕಡೆ ಕೂದಲೆಳೆಯ ಬಿರುಕು ಕಾಣುವುದು ಆಗಲೇ.

ಆಮೇಲೆ ಪ್ರೈಮರ್, ಆಮೇಲೆ ರಿವೆಟ್. ಕಚ್ಚುವ ತೋಳು ತಲುಪುವ ಅಂಚುಗಳಲ್ಲಿ ಸ್ಕ್ವೀಜರ್‌ನಿಂದ ಒತ್ತಬಹುದು. ನಡುವಿನವಕ್ಕೆ ಗಾಳಿಯೊತ್ತಡದ ರಿವೆಟ್ ಗನ್ ಬೇಕು. ಒಬ್ಬರು ತಲೆಯ ಮೇಲೆ ಗನ್ ಹಿಡಿದರೆ, ಇನ್ನೊಬ್ಬರು ಹಿಂದಿನಿಂದ ಬಕಿಂಗ್ ಬಾರ್ ಎಂಬ ಭಾರವಾದ ಉಕ್ಕಿನ ತುಂಡನ್ನು ಒತ್ತಿ ಹಿಡಿಯುತ್ತಾರೆ. ಲೆಕ್ಕ ಸರಳ: ಜಜ್ಜುವ ಮೊದಲು ಗೂಟ ವ್ಯಾಸದ ಒಂದೂವರೆಯಷ್ಟು ಹೊರಗಿರಬೇಕು. ಜಜ್ಜಿದ ಮೇಲೆ ಹೊಸ ತಲೆಯ ಅಗಲ ವ್ಯಾಸದ ಒಂದೂವರೆ, ಎತ್ತರ ವ್ಯಾಸದ ಅರ್ಧ. 1/8 ಇಂಚಿನ ರಿವೆಟ್‌ಗೆ 4.8 ಮಿ.ಮೀ. ಅಗಲ, 1.6 ಮಿ.ಮೀ. ಎತ್ತರ. ತೂತಿನ ನಡುವಿನಿಂದ ತಗಡಿನ ಅಂಚಿಗೆ ಕನಿಷ್ಠ ಎರಡು ವ್ಯಾಸದ ದೂರ ಉಳಿದಿರಬೇಕು. ಕಡಿಮೆಯಾದರೆ ಹೊರೆ ಬಿದ್ದಾಗ ರಿವೆಟ್ ಅಂಚನ್ನು ಹರಿದುಕೊಂಡು ಹೊರಬರಬಹುದು.

ಕೆಡುವುದು ಹೇಗೆ? ಗೂಟ ಉದ್ದವಾಗಿದ್ದರೆ ಬಗ್ಗಿ ಮಲಗುತ್ತದೆ. ಬಾರ್ ಓರೆಯಾದರೆ ಹೊಸ ತಲೆಯೂ ಓರೆ. ಗನ್ ಜಾರಿದರೆ ಹೊದಿಕೆಯ ಮೇಲೆ ನಗುಮುಖದಂಥ ಗೀರು. ತಗಡುಗಳನ್ನು ಒತ್ತಿ ಹಿಡಿಯದೆ ಹೊಡೆದರೆ ಗೂಟ ಎರಡರ ನಡುವೆಯೇ ಉಬ್ಬಿ ಸಂದು ಬಿಡುತ್ತದೆ. ಕೆಟ್ಟದ್ದನ್ನು ತೆಗೆಯಲು ಕಾರ್ಖಾನೆಯ ತಲೆಯ ನಡುವೆ ತಲೆಯ ಆಳದಷ್ಟೇ ಕೊರೆದು, ತಲೆಯನ್ನು ಮುರಿದು, ಹಿಂದಿನಿಂದ ಆಸರೆ ಕೊಟ್ಟು ಗೂಟವನ್ನು ಪಂಚಿನಿಂದ ತಳ್ಳಬೇಕು. ಪ್ರತಿ ಸಲ ತೆಗೆದಾಗಲೂ ತೂತು ಕೊಂಚ ಹಿಗ್ಗುತ್ತದೆ. ಅಳತೆಯ ಮಿತಿಯಲ್ಲಿದ್ದು ನೋಟಕ್ಕೆ ಮಾತ್ರ ಸೊಟ್ಟಗಿರುವ ರಿವೆಟ್ಟನ್ನು ಹಾಗೇ ಬಿಡುವುದು, ಮೂರು ಸಲ ತೆಗೆದು ಹಾಕುವುದಕ್ಕಿಂತ ಒಳ್ಳೆಯದು. ಈ ವಿವೇಚನೆ ಬಂದ ಮೇಲೆ ಕೆಲಸದ ವೇಗ ತಾನಾಗಿ ಹೆಚ್ಚುತ್ತದೆ.

## ರೆಕ್ಕೆಯೊಳಗಿನ ಟ್ಯಾಂಕು

ಹಲವು ವಿನ್ಯಾಸಗಳಲ್ಲಿ ರೆಕ್ಕೆಯ ಮುಂಭಾಗವೇ ಇಂಧನದ ಟ್ಯಾಂಕು. ಒಳಗೆ ಬೇರೆ ಪಾತ್ರೆಯಿಲ್ಲ. ರಿವೆಟ್ ಹಾಕಿದ ಸಂದುಗಳನ್ನೆಲ್ಲ ಪಾಲಿಸಲ್ಫೈಡ್ ಸೀಲೆಂಟಿನಿಂದ ಮುಚ್ಚಬೇಕು. ಇದು ಎರಡು ಭಾಗದ ಅಂಟು, ತೂಕದಲ್ಲಿ ಹತ್ತಕ್ಕೆ ಒಂದರಂತೆ ಬೆರೆಸಬೇಕು. ಕಣ್ಣಂದಾಜು ನಡೆಯುವುದಿಲ್ಲ, ಗ್ರಾಮ್ ತೋರಿಸುವ ತಕ್ಕಡಿ ಬೇಕು. ಬಿ-2 ಎಂಬ ಬಗೆ ಬೆರೆಸಿದ ಮೇಲೆ ಸುಮಾರು ಎರಡು ಗಂಟೆ ಕೆಲಸಕ್ಕೆ ಬರುತ್ತದೆ, ಸೆಕೆ ಇದ್ದರೆ ಇನ್ನೂ ಕಡಿಮೆ. ಸೋರಿಕೆಗೆ ಮುಖ್ಯ ಕಾರಣ ಅಂಟಿನ ಕೊರತೆಗಿಂತ ಹೆಚ್ಚಾಗಿ ಕೊಳೆ: ಅಂಟು ತಾಗುವ ಜಾಗವನ್ನು ಉಜ್ಜಿ ಒರಟಾಗಿಸಿ, ದ್ರಾವಕದಿಂದ ಒರೆಸಿ, ಆಮೇಲೆ ಬರಿಗೈ ತಾಗಿಸಬಾರದು.

ಒಣಗಿದ ಮೇಲೆ ಗಾಳಿ ತುಂಬಿ, ಸಂದುಗಳಿಗೆ ಸೋಪುನೀರು ಸವರಿ ಗುಳ್ಳೆ ನೋಡಬೇಕು. ಇಲ್ಲಿ ಕಂಪ್ರೆಸರನ್ನು ನೇರವಾಗಿ ಜೋಡಿಸಿದರೆ ಟ್ಯಾಂಕು ಉಬ್ಬಿ ಹಾಳಾಗುತ್ತದೆ. ಒಂದೇ ಒಂದು ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್) ಒತ್ತಡ ಒಂದು ಚದರ ಮೀಟರ್ ತಗಡಿನ ಮೇಲೆ ಸುಮಾರು 700 ಕಿಲೋ ಭಾರಕ್ಕೆ ಸಮ. ಆದ್ದರಿಂದ ಟ್ಯಾಂಕಿನ ಬಾಯಿಗೆ ಬಲೂನು ಕಟ್ಟಿ, ಸೈಕಲ್ ಪಂಪಿನಿಂದ ಮೆಲ್ಲಗೆ ತುಂಬುತ್ತಾರೆ. ಒತ್ತಡ ಹೆಚ್ಚಾದರೆ ಬಲೂನು ಹಿಗ್ಗಿ ತೋರಿಸುತ್ತದೆ. ಇಡೀ ದಿನ ಕುಗ್ಗದೆ ನಿಂತರೆ ಟ್ಯಾಂಕು ಗಟ್ಟಿ. ಹವೆ ಬದಲಾದಾಗ ಬಲೂನು ತುಸು ಏರಿಳಿಯುವುದು ಸಹಜ.

## ಬೋಲ್ಟು, ಕೊಳವೆ

ಎಎನ್3 ಬೋಲ್ಟಿನ ಬಿಗಿತ 20ರಿಂದ 25 ಇಂಚು-ಪೌಂಡ್. ಹತ್ತು ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಎರಡೂವರೆ ಕಿಲೋ ತೂಗುಬಿಟ್ಟಷ್ಟು ಮಾತ್ರ. ಕಾರಿನ ಚಕ್ರಕ್ಕೆ ಬಳಸುವ, ಬಿಗಿತ ಅಳೆಯುವ ಟಾರ್ಕ್ ರೆಂಚಿಗೆ ಇಷ್ಟು ಕಡಿಮೆ ಅಳತೆ ತಿಳಿಯುವುದೇ ಇಲ್ಲ, ಅಂದಾಜಿನಲ್ಲಿ ಬಿಗಿದರೆ ಬೋಲ್ಟು ಎಳೆದುಹೋಗುತ್ತದೆ. ನೈಲಾನ್ ಬಳೆಯ ಲಾಕ್‌ನಟ್ ತಿರುಗುವಾಗ ತಾನೇ ತಡೆಯೊಡ್ಡುತ್ತದೆ. ಆ ತಡೆಯನ್ನು ಮೊದಲು ಅಳೆದು ಮೇಲಿನ ಅಂಕಿಗೆ ಕೂಡಿಸಬೇಕು. ಬಿಗಿದಾದ ಕೂಡಲೇ ನಟ್ಟಿನಿಂದ ತಗಡಿನವರೆಗೆ ಬಣ್ಣದ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ. ನೈಲಾನ್ ನಟ್ಟನ್ನು ಎಂಜಿನ್ನಿನ ಬಿಸಿಯ ಬಳಿ ಹಾಕಬಾರದು. ಬೋಲ್ಟು ತಿರುಗುವ ಕೀಲುಗಳಲ್ಲೂ ಹಾಕಬಾರದು, ಅಲ್ಲಿ ಕೋಟೆಯ ತೆನೆಯಂಥ ಸೀಳುಗಳಿರುವ ನಟ್ಟು, ಅದಕ್ಕೆ ಕಾಟರ್ ಪಿನ್ನು.

ಜೋಡಣೆಗಾಗಿ ಕೊಳವೆಯ ಬಾಯಿ ಅಗಲಿಸುವ ಕೋನ ವಿಮಾನದಲ್ಲಿ 37 ಡಿಗ್ರಿ, ಮೋಟಾರು ವಾಹನಗಳಲ್ಲಿ ಸಾಮಾನ್ಯವಾಗಿ 45. ಗ್ಯಾರೇಜಿನ ಉಪಕರಣದಿಂದ ಮಾಡಿದ ಬಾಯಿ ನೋಡಲು ಕೂತಂತೆ ಕಂಡರೂ ಗೆರೆಯಷ್ಟೇ ತಾಗಿರುತ್ತದೆ, ಕಂಪನಕ್ಕೆ ಸೋರುತ್ತದೆ ಅಥವಾ ಬಿರಿಯುತ್ತದೆ. ಅದು ಇಂಧನದ ಕೊಳವೆಯಾದರೆ ಪರಿಣಾಮ ಬಿಡಿಸಿ ಹೇಳಬೇಕಿಲ್ಲ.

## ತೂಗಿ ನೋಡುವುದು

ವಿಮಾನದ ಭಾರವೆಲ್ಲ ಒಂದೇ ಬಿಂದುವಿನಲ್ಲಿ ನಿಂತಂತೆ ವರ್ತಿಸುವ ಜಾಗವೇ ಗುರುತ್ವ ಕೇಂದ್ರ. ಅದನ್ನು ಕಂಡುಹಿಡಿಯಲು ಮೂರು ಚಕ್ರಗಳಡಿ ಮೂರು ತಕ್ಕಡಿ ಇಟ್ಟು, ವಿಮಾನವನ್ನು ಹಾರುವ ಭಂಗಿಯಲ್ಲಿ ಸಮಮಟ್ಟ ನಿಲ್ಲಿಸಿ ತೂಗುತ್ತಾರೆ. ಲೆಕ್ಕ ತಿಳಿಯಲು ಒಂದು ಕಲ್ಪಿತ ಉದಾಹರಣೆ. ಮೂತಿಯ ಬಳಿ ಗೊತ್ತುಮಾಡಿದ ಬಿಂದುವಿನಿಂದ ಮುಖ್ಯ ಚಕ್ರಗಳು 2 ಮೀಟರ್ ಹಿಂದೆ, ತಲಾ 150 ಕಿಲೋ. ಮುಂಚಕ್ರ 0.6 ಮೀಟರ್ ಹಿಂದೆ, 60 ಕಿಲೋ. ತೂಕವನ್ನು ದೂರದಿಂದ ಗುಣಿಸಿ ಕೂಡಿಸಿದರೆ 600 ಮತ್ತು 36, ಒಟ್ಟು 636. ಇದನ್ನು ಒಟ್ಟು ತೂಕ 360ರಿಂದ ಭಾಗಿಸಿದರೆ 1.77 ಮೀಟರ್. ಈಗ 2.7 ಮೀಟರ್ ಹಿಂದಿನ ಸಾಮಾನಿನ ಜಾಗದಲ್ಲಿ 20 ಕಿಲೋ ಇಡಿ. 690ನ್ನು 380ರಿಂದ ಭಾಗಿಸಿದರೆ 1.82. ಇಪ್ಪತ್ತು ಕಿಲೋ ಚೀಲ ಕೇಂದ್ರವನ್ನು ಐದು ಸೆಂಟಿಮೀಟರ್ ಹಿಂದಕ್ಕೆ ಎಳೆಯಿತು.

ವಿನ್ಯಾಸಕಾರರು ಕೊಟ್ಟ ಮಿತಿಗಿಂತ ಕೇಂದ್ರ ಹಿಂದಾದರೆ ಮೂತಿ ತಾನಾಗಿ ಮೇಲೇಳಲು ನೋಡುತ್ತದೆ, ವೇಗ ಕುಸಿದಾಗ ಅದನ್ನು ಕೆಳಗೆ ತರಲು ಬಾಲಕ್ಕೆ ಶಕ್ತಿ ಸಾಲದೆ ಹೋಗಬಹುದು. ಬಣ್ಣಕ್ಕೂ ತೂಕವಿದೆ ಎಂಬುದನ್ನು ಮರೆಯುವಂತಿಲ್ಲ. ಬಣ್ಣ ಬಳಿದ ಮೇಲೆ ಇನ್ನೊಮ್ಮೆ ತೂಗಬೇಕು. ಸಮತೋಲ ಮಾಡಿದ ಏಲೆರಾನ್ (ರೆಕ್ಕೆಯ ಚಲಿಸುವ ಪಟ್ಟಿ), ಎಲಿವೇಟರು (ಬಾಲದ್ದು) ಇವುಗಳ ಹಿಂದಂಚಿಗೆ ಬಣ್ಣ ದಪ್ಪವಾದರೆ ಅವು ಒಂದು ವೇಗದಲ್ಲಿ ಪಟಪಟನೆ ಬಡಿದುಕೊಳ್ಳಲು ಶುರುಮಾಡಬಹುದು. ಇದು ಫ್ಲಟರ್. ಕೆಲವೇ ಕ್ಷಣಗಳಲ್ಲಿ ಬಾಲವನ್ನೇ ಕಿತ್ತುಹಾಕಬಲ್ಲದು.

## ನೆಲ ಬಿಡುವ ಮೊದಲು, ಬಿಟ್ಟ ಮೇಲೆ

ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿ ಎನ್‌ಟಿಎಸ್‌ಬಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಕಟ್ಟು ವಿಮಾನಗಳ ಅಪಘಾತಕ್ಕೆ ಎದ್ದು ಕಂಡ ಕಾರಣಗಳು ಎರಡು: ಎಂಜಿನ್ ವ್ಯವಸ್ಥೆ ಕೈಕೊಡುವುದು, ಹಾರಾಟದಲ್ಲಿ ಹತೋಟಿ ತಪ್ಪುವುದು. ವಿಮಾನದ ಆಯುಸ್ಸಿನ ಆರಂಭದ ಹಾರಾಟಗಳಲ್ಲೇ ಇವು ಹೆಚ್ಚು. ಆದ್ದರಿಂದ ಇಂಧನದ ಹರಿವನ್ನು ನೆಲದ ಮೇಲೆಯೇ ಅಳೆಯಬೇಕು. ವಿಮಾನದ ಮೂತಿಯನ್ನು ಕಡಿದಾಗಿ ಏರುವ ಕೋನಕ್ಕಿಂತ ತುಸು ಹೆಚ್ಚು ಎತ್ತಿ, ಎಂಜಿನ್ ಬಳಿ ಕೊಳವೆ ಬಿಚ್ಚಿ, ಪಾತ್ರೆಗೆ ಹಿಡಿದು ಗಡಿಯಾರ ನೋಡುತ್ತಾರೆ. ಪಂಪಿನಿಂದ ಬರುವುದಾದರೆ ಪೂರ್ಣ ಶಕ್ತಿಯಲ್ಲಿ ಎಂಜಿನ್ ಕುಡಿಯುವುದರ 125 ಪ್ರತಿಶತ, ಗುರುತ್ವದಿಂದಲೇ ಇಳಿಯುವುದಾದರೆ 150 ಪ್ರತಿಶತ ಬರಬೇಕು. 100 ಅಶ್ವಶಕ್ತಿಯ ರೋಟಾಕ್ಸ್ 912 ಎಂಜಿನ್ ಟೇಕಾಫ್‌ನಲ್ಲಿ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ. ಪಂಪಿನ ಲೆಕ್ಕದಲ್ಲಿ ನಿಮಿಷಕ್ಕೆ 560 ಮಿಲಿಲೀಟರಿಗೆ ಕಡಿಮೆ ಬಂದರೆ ಹಾರಾಟದ ಮಾತೇ ಇಲ್ಲ. ಕೊಳವೆಯಲ್ಲಿ ಉಳಿದ ಲೋಹದ ಪುಡಿ, ಸೀಲೆಂಟಿನ ಚೂರು, ಮುಚ್ಚಿದ ಗಾಳಿಕಿಂಡಿ, ಎಲ್ಲವೂ ಸಿಕ್ಕಿಬೀಳುವುದು ಈ ಪರೀಕ್ಷೆಯಲ್ಲಿ.

ಹೊಸ ಲೈಕಮಿಂಗ್ ಎಂಜಿನ್ನನ್ನು ನೆಲದ ಮೇಲೆ ಗಂಟೆಗಟ್ಟಲೆ ಓಡಿಸಿ ಸಂತೋಷಪಡಬಾರದು. ಪಿಸ್ಟನ್ ಬಳೆಗಳು ಸಿಲಿಂಡರಿಗೆ ಹೊಂದಿಕೊಳ್ಳಲು ಹೆಚ್ಚಿನ ಶಕ್ತಿಯಲ್ಲಿ ಓಡಬೇಕು, ಸಾಕಷ್ಟು ತಂಪುಗಾಳಿಯೂ ಬೇಕು. ಎರಡೂ ಸಿಗುವುದು ಹಾರಾಟದಲ್ಲಿ. ಕಡಿಮೆ ವೇಗದಲ್ಲಿ ಬಿಸಿಯಾಗಿ ಓಡಿದರೆ ಸಿಲಿಂಡರ್ ಗೋಡೆ ಎಣ್ಣೆಯ ಮೆರುಗು ಹತ್ತಿ ನುಣುಪಾಗುತ್ತದೆ, ಬಳೆಗಳು ಕೂರದೆ ಎಂಜಿನ್ ಎಣ್ಣೆ ಕುಡಿಯಲು ತೊಡಗುತ್ತದೆ.

ಮೊದಲ ಹಾರಾಟಕ್ಕೆ ಆ ಮಾದರಿಯಲ್ಲಿ ಇತ್ತೀಚೆಗೆ ಹಾರಿದ ಅನುಭವವಿರುವವರೇ ಬೇಕು. ವರ್ಷಗಟ್ಟಲೆ ಗ್ಯಾರೇಜಿನಲ್ಲಿದ್ದು ಹಾರಾಟ ಮರೆತಿರುವ ನಿರ್ಮಾಪಕರು ಮೊದಲು ಅದೇ ಬಗೆಯ ಇನ್ನೊಂದು ವಿಮಾನದಲ್ಲಿ ತರಬೇತಿ ಪಡೆಯಬೇಕು, ಇಲ್ಲವೇ ಆ ದಿನ ನೆಲದ ಮೇಲೆ ನಿಂತು ನೋಡಬೇಕು. ಅಮೆರಿಕದಲ್ಲಿ ಪರೀಕ್ಷಾ ಅವಧಿ ಸಾಮಾನ್ಯವಾಗಿ ಪ್ರಮಾಣಪತ್ರವಿರುವ ಎಂಜಿನ್-ಪ್ರೊಪೆಲ್ಲರ್ ಜೋಡಿಗೆ 25 ಗಂಟೆ, ಇಲ್ಲದ್ದಕ್ಕೆ 40. ಈ ಅವಧಿಯಲ್ಲಿ ವಿಮಾನ ಗೊತ್ತುಮಾಡಿದ ಪ್ರದೇಶದೊಳಗೇ ಹಾರಬೇಕು, ಪ್ರಯಾಣಿಕರನ್ನು ಕೂರಿಸಿಕೊಳ್ಳುವಂತಿಲ್ಲ.

ಮೊದಲ ಹಾರಾಟ ಮುಗಿದ ಕೂಡಲೇ ಎಂಜಿನ್ನಿನ ಮುಸುಕು ತೆಗೆಯಿರಿ. ಎಣ್ಣೆಯ ಜಿನುಗು, ಕೊಳವೆಗೆ ಉಜ್ಜಿದ ವೈರು, ಎಕ್ಸಾಸ್ಟಿನ ಸಂದಿನ ಬೂದು ಕಲೆ, ನಟ್ಟುಗಳ ಮೇಲಿನ ಬಣ್ಣದ ಗೆರೆ, ಒಂದೊಂದನ್ನೂ ಟಾರ್ಚು ಹಿಡಿದು ನೋಡಿ. ಎಣ್ಣೆಯ ಫಿಲ್ಟರನ್ನು ಮೊದಲ ಬದಲಾವಣೆಯಲ್ಲಿ ಸೀಳಿ, ಒಳಗಿನ ಮಡಿಕೆಗಳನ್ನು ಬಿಡಿಸಿ ಅಯಸ್ಕಾಂತ ಆಡಿಸಿ. ಹೊಸ ಎಂಜಿನ್ನಿನಲ್ಲಿ ನುಣ್ಣನೆಯ ಲೋಹದ ಪುಡಿ ಒಂದಿಷ್ಟು ಸಿಗುತ್ತದೆ. ಕಣ್ಣಿಗೆ ಬಿಡಿಯಾಗಿ ಕಾಣುವ ಚೂರುಗಳು ಸಿಕ್ಕರೆ, ಅವು ಎಲ್ಲಿಂದ ಬಂದವೆಂದು ತಿಳಿಯುವವರೆಗೆ ವಿಮಾನ ಹ್ಯಾಂಗರಿನಲ್ಲೇ ಇರಲಿ.